ಒಪ್ಪಿಕೊಳ್ಳುವುದು, ತಿರುಗಿಕೊಳ್ಳುವುದು

(ಬಾನುಲಿ ಭಾಷಣದ ಬರಹರೂಪ)

ಕಾರವಾರ, ಅಂಕೋಲೆಗಳ ಕಡೆಯ ಕಥೋಲಿಕ ಕ್ರೈಸ್ತರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಆ ಮಾತಿನಲ್ಲಿ ‘ಕುಮ್ಸಾರ್’ ಎಂಬುದೊಂದು ಶಬ್ದವುಂಟು. ಇಗರ್ಜಿ, ಪಾದ್ರಿ ಎಂಬ ಶಬ್ದಗಳಂತೆ ಇದೂ ಪೋರ್ಚುಗೀಸಿನಿಂದ ಬಂದು ಕರಾವಳಿಯ ನಾಲಗೆಗೆ ಹೊಂದಿಕೊಂಡದ್ದು. ತಾನು ಮಾಡಿದ ಪಾಪವನ್ನು ಗುರುಗಳ ಮುಂದೆ ಹೇಳಿಕೊಂಡು ದೇವರ ಕ್ಷಮೆಯನ್ನು ಬೇಡುವುದು ಇದರ ಅರ್ಥ. ಕನ್ನಡ ಕ್ರೈಸ್ತರು ಇದನ್ನು ಪಾಪನಿವೇದನೆ ಎನ್ನುತ್ತಾರೆ. ಹಣೆಗೆ ಬೂದಿಯನ್ನಿಟ್ಟುಕೊಳ್ಳುವ ಬುಧವಾರದಿಂದ ಮೊದಲಾಗಿ ಈಸ್ಟರ್ ಹಬ್ಬದವರೆಗೆ ನಡೆಯುವ ತಪಸ್ಸುಕಾಲದಲ್ಲಿ ಇದಕ್ಕೆ ವಿಶೇಷ ಪ್ರಾಶಸ್ತ್ಯ. ಆ ದಿನಗಳಲ್ಲಿ ಇಗರ್ಜಿಯ ಬದಿಯ ಮರದ ಗೂಡಿನ ಬಳಿ ಜನ ಮೌನವಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಒಬ್ಬೊಬ್ಬರಾಗಿ ಮೊಣಕಾಲೂರಿ, ಜಾಲರಿಯ ಆಚೆಗಿರುವ ಕಿವಿಗೆ ಏನನ್ನೋ ಪಿಸುನುಡಿದು, ಎದ್ದು ಹೋಗುತ್ತಾರೆ.

ನೆರೆಮನೆಯ ಹಿಂದುವಿಗೆ, ಮುಸಲ್ಮಾನನಿಗೆ, ಕೆಲವೊಮ್ಮೆ ಆ ಸಾಲಿನಲ್ಲಿ ನಿಂತ ಕ್ರೈಸ್ತನಿಗೂ ಒಂದು ಸಂದೇಹ ಸಹಜವಾಗಿ ಏಳುತ್ತದೆ. ಪಾದ್ರಿಯ ಕಿವಿಯಲ್ಲಿ ಹೇಳಿಬಿಟ್ಟರೆ ಪಾಪ ತೊಳೆದು ಹೋಯಿತೆ? ಮರುದಿನದಿಂದ ಹೊಸ ಲೆಕ್ಕದ ಪುಸ್ತಕವೆ? ಹಾಗಾದರೆ ವಂಚಿಸಿದವನಿಗೆ ಸಮಾಧಾನ ಸಿಕ್ಕಿತು, ವಂಚನೆಗೊಳಗಾದವನಿಗೆ ಸಿಕ್ಕಿದ್ದೇನು? ಇದು ಕುಹಕದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಈ ಆಚರಣೆಯ ಒಳತಿರುಳು ಇದೇ ಪ್ರಶ್ನೆಯಲ್ಲಿ ಅಡಗಿದೆ.

ಮೊದಲು ಶಬ್ದಗಳನ್ನೇ ವಿಚಾರಿಸೋಣ. ನಾವು ಸಾಮಾನ್ಯವಾಗಿ ಬಳಸುವ ಶಬ್ದ ‘ಪಶ್ಚಾತ್ತಾಪ’. ಎಂದರೆ, ಮಾಡಿದ ಮೇಲೆ ಹುಟ್ಟುವ ಬೇಗೆ. ಅದೊಂದು ಭಾವ. ಆದರೆ ಬೈಬಲ್ಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಈ ಸಂದರ್ಭಕ್ಕೆ ಬರುವ ಕ್ರಿಯಾಪದದ ಅರ್ಥ ‘ಮರಳು’, ‘ಹಿಂದಿರುಗು’ ಎಂದು. ಹೊಸ ಒಡಂಬಡಿಕೆಯ ಗ್ರೀಕ್ ಶಬ್ದವಾದ ‘ಮೆತಾನೋಯ’ಕ್ಕೆ ಮನಸ್ಸು ಬೇರೆಯಾಗುವುದು ಎಂದರ್ಥ. ಕನ್ನಡದ ಬೈಬಲ್ ಅನುವಾದಕರು ಇಲ್ಲಿ ಎರಡು ದಾರಿ ಹಿಡಿದಿದ್ದಾರೆ. ಒಂದೆಡೆ ‘ಮಾನಸಾಂತರ’ ಎಂಬ ಸಂಸ್ಕೃತಪದ; ಇನ್ನೊಂದೆಡೆ ‘ತಿರುಗಿಕೊಳ್ಳು’ ಎಂಬ ಅಚ್ಚಗನ್ನಡ ಮಾತು. ಈ ಎರಡನೆಯದು ನನಗೆ ಹೆಚ್ಚು ಪ್ರಿಯ. ಏಕೆಂದರೆ ಅದರಲ್ಲಿ ಕಾಲು ಅಲುಗುತ್ತದೆ. ಕಾರವಾರದಿಂದ ಅಂಕೋಲೆಗೆ ಹೋಗಬೇಕಾದವನು ದಾರಿ ತಪ್ಪಿ ಬಡಗಲಿಗೆ ನಡೆದು ಕಾಳಿ ನದಿಯನ್ನು ದಾಟಿದನೆನ್ನಿ. ತಪ್ಪಿದ್ದು ತಿಳಿದು ಅವನು ಎಷ್ಟೇ ಮರುಗಲಿ, ಮರುಗುತ್ತ ಮುಂದೆಯೇ ನಡೆದರೆ ಗೋವೆಯನ್ನು ಸೇರುತ್ತಾನೆಯೇ ಹೊರತು ಅಂಕೋಲೆಯನ್ನಲ್ಲ. ಬೇಗೆ ಬೇಕು, ಆದರೆ ಬೇಗೆಯಿಂದಲೇ ದಾರಿ ತಿರುಗುವುದಿಲ್ಲ.

ಕಥೋಲಿಕ ಧರ್ಮಸಭೆ ಇದನ್ನು ಅರಿಯದೆ ಇಲ್ಲ. 1551ರಲ್ಲಿ ಟ್ರೆಂಟ್ ನಗರದ ಮಹಾಸಭೆ ಈ ಸಂಸ್ಕಾರದಲ್ಲಿ ಪಾಪಿಯ ಪಾಲಿಗೆ ಬರುವ ಕರ್ತವ್ಯಗಳನ್ನು ಮೂರೆಂದು ಎಣಿಸಿತು: ಮನದ ಮರುಕ, ಬಾಯ ಒಪ್ಪಿಗೆ, ಕೃತಿಯ ಪರಿಹಾರ. ಮರುಕದೊಳಗೇ ಮತ್ತೆ ಆ ಪಾಪವನ್ನು ಮಾಡೆನೆಂಬ ಸಂಕಲ್ಪವೂ ಸೇರಿದೆ. ಹೊರಗಿನವರ ಕಣ್ಣಿಗೆ ಬೀಳುವುದು ನಡುವಣ ಒಂದೇ. ಮೊದಲನೆಯದು ಎದೆಯೊಳಗೆ, ಕೊನೆಯದು ಮನೆ, ಅಂಗಡಿ, ಗದ್ದೆ, ಬಂದರುಗಳಲ್ಲಿ ನಡೆಯತಕ್ಕದ್ದು. ನಡುವಣದನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟಾಗಲೇ ಮೇಲೆ ಹೇಳಿದ ಸಂದೇಹಕ್ಕೆ ಎಡೆಯಾಗುವುದು.

ಆದರೆ ದೇವರಿಗೆ ಎಲ್ಲವೂ ತಿಳಿದಿರುವಾಗ ಇನ್ನೊಬ್ಬ ಮನುಷ್ಯನ ಮುಂದೆ ಹೇಳುವುದೇಕೆ? ಇದಕ್ಕೊಂದು ಚರಿತ್ರೆಯಿದೆ. ಆದಿಕಾಲದ ಕ್ರೈಸ್ತರಲ್ಲಿ ಘೋರಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ಕ್ರಿ.ಶ. 390ರಲ್ಲಿ ಥೆಸಲೋನಿಕದ ಜನರನ್ನು ಕೊಲ್ಲಿಸಿದ ರೋಮನ್ ಚಕ್ರವರ್ತಿ ಥಿಯೊಡೋಸಿಯಸನಿಗೆ ಮಿಲಾನಿನ ಬಿಷಪ್ ಆಂಬ್ರೋಸ್, ಪ್ರಾಯಶ್ಚಿತ್ತವಿಲ್ಲದೆ ಪ್ರಸಾದವಿಲ್ಲವೆಂದು ತಿಳಿಸಿದ. ಚಕ್ರವರ್ತಿ ತನ್ನ ರಾಜಲಾಂಛನಗಳನ್ನು ಕಳಚಿ ಜನರ ನಡುವೆ ತಲೆಬಾಗಿದ. ಅಧಿಕಾರದಲ್ಲಿದ್ದವನೂ ತಪ್ಪಿಗೆ ಉತ್ತರ ಹೇಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆರು–ಏಳನೆಯ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳಿಂದ ಗುಟ್ಟಿನಲ್ಲಿ, ಎಷ್ಟು ಸಲವಾದರೂ ಹೇಳಿಕೊಳ್ಳುವ ಪದ್ಧತಿ ಹಬ್ಬಿತು. 1215ರ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಇದು ಆಗಬೇಕೆಂದು ವಿಧಿಸಿತು. ಕೇಳಿದ ಗುಟ್ಟನ್ನು ಗುರು ಹೊರಗೆಡಹಕೂಡದೆಂದೂ ಕಟ್ಟಳೆ ಮಾಡಿತು. 1983ರ ಧರ್ಮಸಭೆಯ ಸಂಹಿತೆಯಲ್ಲಿಯೂ ಆ ಮುದ್ರೆ ಸಡಿಲವಾಗಿಲ್ಲ. ಗುರು ನ್ಯಾಯಾಲಯದ ಮುಂದೆಯೂ ಆ ಮಾತನ್ನು ಆಡುವಂತಿಲ್ಲ.

ಇಲ್ಲಿರುವ ಮನಶ್ಶಾಸ್ತ್ರ ಸರಳವಾದದ್ದು. ಮನಸ್ಸಿನೊಳಗೇ ಉಳಿದ ತಪ್ಪು ಆಕಾರವಿಲ್ಲದ ಹೊಗೆ. ನಾವು ಅದಕ್ಕೆ ನೂರು ಹೆಸರು ಕೊಡುತ್ತೇವೆ: ಪರಿಸ್ಥಿತಿ, ಅವಸರ, ಮಕ್ಕಳ ಹೊಟ್ಟೆಪಾಡು. ಇನ್ನೊಬ್ಬರ ಎದುರು ಬಾಯಿ ಬಿಟ್ಟು ಹೇಳುವಾಗ ಅದಕ್ಕೆ ಅದರದೇ ಹೆಸರನ್ನು ಕೊಡಬೇಕಾಗುತ್ತದೆ. ‘ಸ್ವಲ್ಪ ಹೆಚ್ಚು ಕಡಿಮೆಯಾಯಿತು’ ಎಂಬಲ್ಲಿ ‘ಕದ್ದೆ’ ಎನ್ನಬೇಕಾಗುತ್ತದೆ. ಆ ಒಂದು ಕ್ರಿಯಾಪದವನ್ನು ಉಚ್ಚರಿಸುವುದರಲ್ಲಿಯೇ ಅರ್ಧ ತಿರುವು ಆಗಿಹೋಗಿರುತ್ತದೆ.

ಆದರೆ ಆ ಮಾತು ತಾನಾಗಿ ಬರಬೇಕು. ಈ ಸತ್ಯವನ್ನು ಕಾರವಾರದ ನೆರೆಯಲ್ಲಿಯೇ ಚರಿತ್ರೆ ಕಹಿಯಾಗಿ ಕಲಿಸಿದೆ. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು, ಧರ್ಮವಿಚಾರಣೆಯ ನ್ಯಾಯಪೀಠ ನಡೆಯಿತು. ಅಲ್ಲಿಯೂ ಕೇಳುತ್ತಿದ್ದುದು ತಪ್ಪೊಪ್ಪಿಗೆಯನ್ನೇ. ಅದರ ಸೆರೆಯಲ್ಲಿದ್ದ ಫ್ರೆಂಚ್ ವೈದ್ಯ ದೆಲೋನ್ 1687ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿಯುವಂತೆ, ಆರೋಪವೇನೆಂದು ಹೇಳದೆಯೇ ‘ಒಪ್ಪಿಕೋ’ ಎನ್ನುತ್ತಿದ್ದರು. ಅಂಥ ಭಯದಿಂದ, ಜೊತೆಗೆ ಬರಗಾಲ, ಯುದ್ಧ, ತೆರಿಗೆಗಳ ಕಾಟದಿಂದ, ಎಷ್ಟೋ ಕ್ರೈಸ್ತ ಕುಟುಂಬಗಳು ತೆಂಕಲಿಗೆ, ಕನ್ನಡ ಅರಸರ ಸೀಮೆಗೆ ಇಳಿದುಬಂದವು. ಅವು ಪೀಠದ ಭಯವನ್ನು ಹಿಂದೆ ಬಿಟ್ಟರೂ ಕುಮ್ಸಾರನ್ನು ಬಿಡಲಿಲ್ಲ. ಹೆದರಿಸಿ ಹೊರಡಿಸಿದ ಮಾತೂ ಎದೆಯಿಂದ ಎದ್ದ ಮಾತೂ ಒಂದೇ ಶಬ್ದದಲ್ಲಿದ್ದರೂ ಒಂದೇ ಅಲ್ಲವೆಂಬುದಕ್ಕೆ ಇದು ಸಾಕ್ಷಿ. ಆ ಮನೆಗಳ ಸಂತತಿ ಇಂದಿಗೂ ಇಲ್ಲಿ ಬಾಳುತ್ತಿದೆ; 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರವೇ ಒಂದು ಧರ್ಮಪ್ರಾಂತವಾಯಿತು.

ಇನ್ನು ಮೂರನೆಯದಾದ ಪರಿಹಾರದ ಮಾತು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಮೀನಿನ ವ್ಯಾಪಾರಿ. ದಡಕ್ಕೆ ಬಂದ ಬಂಗಡೆಯನ್ನು ತೂಗಿ ಕೊಳ್ಳುವಾಗ ಕಳ್ಳತೂಕ ಹಾಕಿ ಬಡವರನ್ನು ವಂಚಿಸಿದ್ದಾನೆ. ತಪಸ್ಸುಕಾಲದಲ್ಲಿ ಹೋಗಿ ಅದನ್ನು ಹೇಳಿಕೊಂಡ. ಗುರುಗಳು ನಾಲ್ಕು ಜಪ ಹೇಳೆಂದು ಕಳಿಸಿದರೆ ಮುಗಿಯಿತೆ? ಮುಗಿಯದು. ಕದ್ದುದನ್ನು ಹಿಂದಿರುಗಿಸಬಲ್ಲವನು ಹಿಂದಿರುಗಿಸದಿದ್ದರೆ ಅವನ ಪಶ್ಚಾತ್ತಾಪ ಬರಿಯ ನಟನೆಯೆಂದು ಸಂತ ಅಗಸ್ಟೀನನ ಕಾಲದಿಂದಲೂ ಧರ್ಮಸಭೆ ಬೋಧಿಸಿದೆ. ವ್ಯಾಪಾರಿ ತೂಕದ ಕಲ್ಲನ್ನು ಬದಲಿಸಬೇಕು, ಅದು ಸಂಕಲ್ಪ. ಯಾರ ಪಾಲು ನುಂಗಿದನೋ ಅವರಿಗೆ ಅದನ್ನು ಮುಟ್ಟಿಸಬೇಕು, ಅದು ಪರಿಹಾರ. ತನ್ನ ಹೆಸರು ಹೇಳಿಯೇ ಕೊಡಬೇಕೆಂದಿಲ್ಲ, ಹೇಗೋ ಸಲ್ಲಿಸಿದರೂ ಸರಿ. ಯಾರೆಂದು ಗುರುತೇ ಉಳಿಯದಿದ್ದರೆ ಆ ಮೊತ್ತ ಬಡವರಿಗೆ ಹೋಗಬೇಕು. ತನ್ನ ಪೆಟ್ಟಿಗೆಯಲ್ಲಿ ಮಾತ್ರ ಉಳಿಯಕೂಡದು.

ಲೂಕನ ಸುವಾರ್ತೆಯಲ್ಲಿ ಬರುವ ಜಕ್ಕಾಯ ಹೀಗೆಯೇ ಮಾಡಿದ. ಅವನು ಸುಂಕದವರ ಮುಖಂಡ, ಸಿರಿವಂತ. ಯೇಸು ತನ್ನ ಮನೆಗೆ ಬಂದಾಗ ಅವನು ಕಣ್ಣೀರಿಟ್ಟನೆಂದು ಅಲ್ಲಿ ಹೇಳಿಲ್ಲ. ಆಸ್ತಿಯ ಅರ್ಧವನ್ನು ಬಡವರಿಗೂ, ವಂಚಿಸಿ ತೆಗೆದುಕೊಂಡದ್ದಕ್ಕೆ ನಾಲ್ಕುಪಟ್ಟನ್ನು ಕಳೆದುಕೊಂಡವರಿಗೂ ಕೊಡುವೆನೆಂದನೆಂದು ಹೇಳಿದೆ. ಕನ್ನಡಿಗರಿಗೆ ಇದನ್ನು ಓದುವಾಗ ಪುರಂದರದಾಸರ ಐತಿಹ್ಯ ನೆನಪಾಗದಿರದು. ಜಿಪುಣ ಸಾಹುಕಾರ ಶ್ರೀನಿವಾಸ ನಾಯಕ ಒಂದು ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಇದ್ದುದೆಲ್ಲವನ್ನೂ ದಾನಮಾಡಿ, ತಂಬೂರಿ ಹಿಡಿದು ಹೊರಟ. ಜೆರಿಕೊದ ಸುಂಕದವನೂ ನಮ್ಮ ನಾಡಿನ ಸಾಹುಕಾರನೂ ತಿರುಗಿದ್ದು ಬೇರೆ ಬೇರೆ ದೇವರ ಹೆಸರಿನಲ್ಲಿ. ಇಬ್ಬರ ತಿರುವಿಗೂ ಗುರುತು ಮಾತ್ರ ಒಂದೇ, ಬಿಗಿದ ಮುಷ್ಟಿ ಬಿಚ್ಚಿದ್ದು.

ಹಣದ ತಪ್ಪಿಗೆ ಪರಿಹಾರ ಸುಲಭ; ನಾಲಗೆಯ ತಪ್ಪಿಗೆ ಕಷ್ಟ. ಸಣ್ಣ ಊರುಗಳಲ್ಲಿ ಒಬ್ಬರ ಮಾನವನ್ನು ಕಳೆಯಲು ಒಂದು ಸಂಜೆ ಸಾಕು. ಅಂಗಡಿಯ ಜಗಲಿಯಲ್ಲಿ ಕೂತು ಹೆಣ್ಣುಮಗಳೊಬ್ಬಳ ಮೇಲೆ ಸುಳ್ಳಾಡಿದವನು ಮರದ ಗೂಡಿನಲ್ಲಿ ಪಿಸುನುಡಿದರೆ ಆಕೆಯ ಮಾನ ಮರಳುವುದಿಲ್ಲ. ಅದೇ ಜಗಲಿಗೆ ಹೋಗಿ, ಅದೇ ಜನರ ಮುಂದೆ, ‘ನಾನು ಆಡಿದ್ದು ಸುಳ್ಳು’ ಎನ್ನಬೇಕು. ಪಾಪ ಎಷ್ಟು ಜನರ ಎದುರು ನಡೆಯಿತೋ ಪರಿಹಾರಕ್ಕೂ ಅಷ್ಟು ಜನ ಬೇಕು. ಕಾಣಿಕೆಯನ್ನು ಬಲಿಪೀಠದ ಬಳಿಯೇ ಇಟ್ಟು ಮೊದಲು ಸೋದರನೊಡನೆ ರಾಜಿಯಾಗಿ ಬಾ ಎಂಬ ಯೇಸುವಿನ ಬೋಧೆಯ ತಾತ್ಪರ್ಯವೂ ಇದೇ.

ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಮರದ ಗೂಡಿಲ್ಲ. ಸಭೆಯೆಲ್ಲ ಒಟ್ಟಾಗಿ, ಇಲ್ಲವೆ ಒಬ್ಬೊಬ್ಬರೂ ನೇರವಾಗಿ, ದೇವರಲ್ಲಿ ಅರಿಕೆ ಮಾಡಿಕೊಳ್ಳುತ್ತಾರೆ. 1517ರಲ್ಲಿ ಮಾರ್ಟಿನ್ ಲೂಥರ್ ಪ್ರಕಟಿಸಿದ 95 ಸೂತ್ರಗಳಲ್ಲಿ ಮೊದಲನೆಯದರ ಆಶಯ, ವಿಶ್ವಾಸಿಯ ಇಡೀ ಬಾಳೇ ಹೀಗೆ ತಿರುಗಿಕೊಳ್ಳುವುದಾಗಬೇಕೆಂಬುದು. ಅವನು ಕೆರಳಿದ್ದು ಕ್ಷಮೆ ಮಾರಾಟದ ಸರಕಾದುದಕ್ಕೆ. ಪದ್ಧತಿಯಲ್ಲಿ ಎಷ್ಟೇ ಭೇದವಿರಲಿ, ನಡೆ ತಿರುಗದೆ ನುಡಿ ಸಾಲದೆಂಬಲ್ಲಿ ಎರಡೂ ಕಡೆಯವರು ಒಂದಾಗುತ್ತಾರೆ.

ಹಾಗಾದರೆ ಒಪ್ಪಿಗೆ, ಪರಿಹಾರ ಎರಡೂ ಆದರೆ ಸಾಕೆ? ಸಾಲದೆನ್ನುತ್ತದೆ ಯೂದನ ಕಥೆ. ಯೇಸುವನ್ನು ಹಿಡಿದುಕೊಟ್ಟ ಆತ ಆಮೇಲೆ ಮರುಗಿದ; ತಾನು ಪಾಪಮಾಡಿದೆನೆಂದು ಬಾಯಿಬಿಟ್ಟು ಹೇಳಿದ; ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಕ್ಕೂ ಕೊಟ್ಟ. ಲೆಕ್ಕಕ್ಕೆ ಎಲ್ಲವೂ ಆಯಿತು. ಆದರೆ ಅವನು ಹೋದದ್ದು ನೇಣಿನ ಕಡೆಗೆ. ಯೇಸು ಯಾರೆಂದೇ ಅರಿಯೆನೆಂದು ಆ ರಾತ್ರಿ ಮೂರು ಸಲ ಸುಳ್ಳು ಹೇಳಿದವನು ಪೇತ್ರ. ಅವನೂ ಬಿಕ್ಕಿಬಿಕ್ಕಿ ಅತ್ತ; ಆದರೆ ಗೆಳೆಯರ ನಡುವೆ ಉಳಿದ, ಕಡಲ ದಡದಲ್ಲಿ ಮತ್ತೆ ಗುರುವಿಗೆ ಮುಖಕೊಟ್ಟ. ಇಬ್ಬರಿಗೂ ಇದ್ದ ಅಂತರ ಪಾಪದ ಗಾತ್ರದ್ದಲ್ಲ, ನಂಬಿಕೆಯದು. ತನ್ನ ತಪ್ಪು ದೊಡ್ಡದು, ಆದರೆ ಕ್ಷಮೆ ಅದಕ್ಕಿಂತ ದೊಡ್ಡದೆಂಬ ನಂಬಿಕೆಯಿಲ್ಲದವನು ಎಲ್ಲಿಗೆ ತಿರುಗಿಯಾನು? ಯಾವಾಗಲೂ ತನ್ನನ್ನೇ ಹಳಿದುಕೊಳ್ಳುತ್ತ ಕೊರಗುವವರು ನೆನಪಿಡಬೇಕಾದ ಮಾತಿದು. 1973ರಲ್ಲಿ ಪರಿಷ್ಕೃತವಾದ ಕಥೋಲಿಕ ವಿಧಿ, ಈ ಸಂಸ್ಕಾರವನ್ನು ದಂಡನೆಗಿಂತ ಹೆಚ್ಚಾಗಿ ಮರಳಿ ಒಂದಾಗುವುದೆಂದು ಕಂಡದ್ದೂ ಇದಕ್ಕಾಗಿಯೇ. ಜಾಲರಿಯಿಲ್ಲದೆ ಎದುರುಬದುರು ಕೂತು ಮಾತಾಡಲೂ ಅದರಲ್ಲಿ ಅವಕಾಶವಿದೆ.

ಈ ಒಂದಾಗುವಿಕೆ ಇಗರ್ಜಿಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಕೂಡಿ ಜಪಸರ ಹಿಡಿದು ‘ತೇರ್ಸ್’ ಹೇಳುವುದೂ, ಮುಗಿದ ಮೇಲೆ ಕಿರಿಯರು ಹಿರಿಯರಿಂದ ‘ಬೆಸಾಂವ್’, ಎಂದರೆ ಆಶೀರ್ವಾದ, ಬೇಡುವುದೂ ಹಳೆಯ ವಾಡಿಕೆ. ಹಗಲು ಜಗಳಾಡಿದವರು ಆ ಹೊತ್ತಿಗೆ ಒಬ್ಬರ ಮುಖವನ್ನೊಬ್ಬರು ನೋಡಲೇಬೇಕು. ದಿನದ ಲೆಕ್ಕ ದಿನವೇ ತೀರಿದರೆ ಬಡ್ಡಿ ಬೆಳೆಯದು. ಯುವಕ ರವೀಂದ್ರನಾಥರು 1883ರಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನೊಡನೆ ಕಾರವಾರದಲ್ಲಿದ್ದಾಗ ಒಂದು ನಾಟಕ ಬರೆದರು. ಅದರಲ್ಲಿ ಲೋಕವನ್ನೇ ಗೆದ್ದೆನೆಂದುಕೊಂಡ ಸನ್ಯಾಸಿಯನ್ನು ಒಂದು ಅನಾಥ ಹುಡುಗಿಯ ಮಮತೆ ಮತ್ತೆ ಮನುಷ್ಯರತ್ತ ತಿರುಗಿಸುತ್ತದೆ. ದೇವರ ಕಡೆಗೆ ತಿರುಗುವ ದಾರಿ ನೆರೆಯವನ ಅಂಗಳವನ್ನು ಬಳಸಿ ಹೋಗುವುದಿಲ್ಲ, ಹಾದೇ ಹೋಗುತ್ತದೆ.

ಗಾಂಧೀಜಿ ಹದಿನೈದರ ಹರೆಯದಲ್ಲಿ ಅಣ್ಣನ ಕಡಗದಿಂದ ಚೂರು ಬಂಗಾರವನ್ನು ಕದ್ದು, ಆಮೇಲೆ ಚೀಟಿಯಲ್ಲಿ ಬರೆದು, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತ ಪ್ರಸಂಗವನ್ನು ಆತ್ಮಕಥೆಯಲ್ಲಿ ನೀವು ಓದಿರಬಹುದು. ಚೀಟಿಯಲ್ಲಿ ಒಪ್ಪಿಗೆಯಿತ್ತು, ಶಿಕ್ಷೆಯ ಬೇಡಿಕೆಯಿತ್ತು, ಇನ್ನೆಂದೂ ಕದಿಯೆನೆಂಬ ಮಾತಿತ್ತು. ತಂದೆ ಬೈಯಲಿಲ್ಲ; ಕಣ್ಣೀರಿಟ್ಟು ಚೀಟಿಯನ್ನು ಹರಿದರು. ಆ ಮನೆಯಲ್ಲಿ ಜಾಲರಿಯಿರಲಿಲ್ಲ, ಪಾದ್ರಿಯಿರಲಿಲ್ಲ. ಆದರೆ ಮರುಕ, ಒಪ್ಪಿಗೆ, ಸಂಕಲ್ಪ, ಕ್ಷಮೆ ನಾಲ್ಕೂ ಇದ್ದವು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಪಾದ್ರಿಯ ಕಿವಿಯಲ್ಲಿ ಹೇಳಿದರೆ ಪಾಪ ಹೋಯಿತೆ? ಹೇಳಿದವನು ಎದ್ದು ಇಗರ್ಜಿಯ ಮೆಟ್ಟಿಲಿಳಿದ ಮೇಲೆ ಯಾವ ಕಡೆಗೆ ನಡೆದನೆಂದು ನೋಡಬೇಕು. ತೂಕದ ಕಲ್ಲು ಬದಲಾಯಿತೆ, ಮುರಿದ ಮಾತು ಕೂಡಿತೆ, ಅಣ್ಣತಮ್ಮಂದಿರ ಬೇಲಿ ತನ್ನ ಹಳೆಯ ಗಡಿಗೆ ಸರಿಯಿತೆ ಎಂದು ಕೇಳಬೇಕು. ಅವನ ಕುಮ್ಸಾರ್ ಏನೆಂದು ಗುರುಗಳು ಯಾರಿಗೂ ಹೇಳುವುದಿಲ್ಲ; ಹೇಳಬೇಕಾದ ಅಗತ್ಯವೂ ಇಲ್ಲ. ಅದು ನಿಜವಾದದ್ದಾದರೆ ನೆರೆಮನೆಯವನಿಗೆ ತಾನಾಗಿಯೇ ತಿಳಿಯುತ್ತದೆ.