ಹರಕೆಯೂ ಇರಲಿ, ಮಾತ್ರೆಯೂ ಇರಲಿ

ಮನೆಯಲ್ಲಿ ಯಾರಾದರೂ ಎರಡು ವಾರದಿಂದ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಯಾವುದೂ ಬೇಡ ಅಂತ ಮೂಲೆ ಹಿಡಿದಿದ್ದಾರಾ? ಸೋಮಾರಿತನ ಅನ್ನಬೇಡಿ. ಅದು ಖಿನ್ನತೆ ಇರಬಹುದು. ಯಾರೂ ಇಲ್ಲದಾಗಲೂ ದನಿ ಕೇಳಿಸುತ್ತೆ, ಎಲ್ಲರೂ ಸೇರಿ ಸಂಚು ಮಾಡ್ತಿದ್ದಾರೆ ಅಂದರೆ ವೈದ್ಯರಿಗೆ ತೋರಿಸೋಕೆ ಇನ್ನೂ ತಡ ಮಾಡಬೇಡಿ. ಮಾಟ, ದೆವ್ವ ಅಂತ ತಿಂಗಳುಗಟ್ಟಲೆ ಅಲೆಯೋ ಹೊತ್ತಿಗೆ ಕಾಯಿಲೆ ಬಲಿತಿರುತ್ತೆ.

ಗುಡಿಗೋ ದರ್ಗಾಕ್ಕೋ ಹೋಗಬೇಡಿ ಅಂತ ನಾನು ಹೇಳಲ್ಲ. ನಮ್ಮ ನಿಮ್ಹಾನ್ಸ್ ತಜ್ಞರೇ ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಜನ ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ಹೆದರಿಸದೆ, ಹೊಡೆಯದೆ ಇಟ್ಟುಕೊಂಡ ಆ ಜಾಗದಲ್ಲಿ ಅವರ ತೊಂದರೆ ಸ್ವಲ್ಪ ತಗ್ಗಿತ್ತು. ಆದರೆ ಅದೇ ರಾಜ್ಯದ ಏರ್ವಾಡಿ ದರ್ಗಾದ ಬಳಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಕೇಂದ್ರದಲ್ಲಿ, 2001ರ ಆಗಸ್ಟ್ 6ರಂದು, ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು. ಹಾಗೆ ಕಟ್ಟಿಹಾಕೋದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಷಿದ್ಧ.

ಪೂಜೆ ಮಾಡಿ, ವೈದ್ಯರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಎಲ್ಲಿಂದ ಶುರು ಮಾಡೋದು ತಿಳೀತಿಲ್ಲವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಿ. ಸಾಯ್ತೀನಿ ಅನ್ನೋ ಮಾತು ಬಂದಿದ್ದರೆ ಅವರನ್ನು ಒಂಟಿ ಬಿಡಬೇಡಿ, ಈಗಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.