ನಿಮ್ಮ ಮನೆಯ ನಾಯಿ ಆಸ್ಪತ್ರೆಗೆ ಹೋಗಬಲ್ಲದೇ?

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಒಂದು ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಕ್ರಿ.ಶ. 950ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಗಂಗರ ದೊರೆ ಬೂತುಗ, ಏನು ಬೇಕೋ ಕೇಳು ಎಂದನಂತೆ. ಮಣಲೇರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು! ಮುಂದೆ ಆ ಕಾಳಿ ಕಾಡುಹಂದಿಯೊಂದರ ಜೊತೆ ಸೆಣಸಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಅದು.

ಬೇಟೆ, ಕಾವಲು, ಕುರಿ ಕಾಯುವುದು, ಇವು ನಮ್ಮ ನಾಡಿನ ನಾಯಿಗಳ ಹಳೆಯ ಕೆಲಸಗಳು. ಬೆಳಗಾವಿಯ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ಆದರೆ ಈಗ ನಾಯಿಗಳಿಗೆ ಇನ್ನೊಂದು ಕೆಲಸ ಸಿಕ್ಕಿದೆ. ಅದರಲ್ಲಿ ಓಡುವುದಿಲ್ಲ, ಬೊಗಳುವುದಿಲ್ಲ. ಕಾಯಿಲೆಯವರ, ಒಂಟಿಯಾಗಿರುವ ಹಿರಿಯರ, ಮಾತು ಕಡಿಮೆಯಾದ ಮಕ್ಕಳ ಪಕ್ಕದಲ್ಲಿ ಸುಮ್ಮನೆ ಕೂಡುವುದು, ಅಷ್ಟೇ. ಇಂಥ ನಾಯಿಗೆ ‘ಥೆರಪಿ ಡಾಗ್’ ಎನ್ನುತ್ತಾರೆ. ನಾವು ‘ಸಾಂತ್ವನದ ನಾಯಿ’ ಎನ್ನೋಣ.

ಎರಡು ಕಿಲೋ ತೂಗದ ಸ್ಮೋಕಿ

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1944ರಲ್ಲಿ, ನ್ಯೂಗಿನಿಯ ಕಾಡಿನ ಗುಂಡಿಯೊಂದರಲ್ಲಿ ಅಮೆರಿಕದ ಸೈನಿಕರಿಗೆ ಒಂದು ಪುಟ್ಟ ನಾಯಿ ಸಿಕ್ಕಿತು. ತೂಕ ಎರಡು ಕಿಲೋ ಕೂಡ ಇಲ್ಲ. ಹೆಸರು ಸ್ಮೋಕಿ. ಅದನ್ನು ಸಾಕಿದ ಬಿಲ್ ವಿನ್ ಎಂಬ ಸೈನಿಕ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದಾಗ ಗೆಳೆಯರು ಸ್ಮೋಕಿಯನ್ನು ಅಲ್ಲಿಗೆ ತಂದರು. ಅದನ್ನು ಕಂಡು ಉಳಿದ ಗಾಯಾಳುಗಳ ಮುಖವೂ ಅರಳಿತು. ನರ್ಸುಗಳು ಅದನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದರು.

ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರಿಗೂ ಇಂಥದೇ ಅನುಭವ. ಯಾರೊಡನೆಯೂ ಬೆರೆಯದ ಒಬ್ಬ ಬಾಲಕ ಹೇಳಿದ ವೇಳೆಗಿಂತ ಮೊದಲೇ ಬಂದುಬಿಟ್ಟ. ಕೋಣೆಯಲ್ಲಿ ಅವರ ನಾಯಿ ಜಿಂಗಲ್ಸ್ ಇತ್ತು. ಹುಡುಗ ನಾಯಿಯ ಜೊತೆ ಆಡತೊಡಗಿದ. ನಾಯಿಯ ಮೂಲಕ ವೈದ್ಯರ ಜೊತೆಗೂ ಅವನ ಸ್ನೇಹ ಬೆಳೆಯಿತು. ಲೆವಿನ್ಸನ್ ಇದನ್ನು 1962ರಲ್ಲಿ ಲೇಖನವಾಗಿ ಪ್ರಕಟಿಸಿದರು. ಜಪಾನಿನ ವಿಜ್ಞಾನಿಗಳು 2015ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ನಾಯಿ ಮತ್ತು ಅದನ್ನು ಸಾಕಿದವರು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ‘ಆಕ್ಸಿಟೋಸಿನ್’ ಹೆಚ್ಚುತ್ತದೆ. ತಾಯಿ-ಮಗುವಿನ ಬೆಸುಗೆಗೆ ನೆರವಾಗುವ ರಾಸಾಯನಿಕವೂ ಅದೇ.

1991ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಜಿಲ್ ರಾಬಿನ್ಸನ್ ಅವರು ‘ಡಾಕ್ಟರ್ ಡಾಗ್’ ಯೋಜನೆ ಆರಂಭಿಸಿದರು. ಅದು ಚೆನ್ನೈಗೂ ಬಂದು, ಬ್ಲೂ ಕ್ರಾಸ್ ಸಂಸ್ಥೆಯ ಮೂಲಕ ನಾಯಿಗಳು ಶಾಲೆ, ವೃದ್ಧಾಶ್ರಮಗಳ ಬಾಗಿಲು ತಟ್ಟಿದವು. ಮುಂಬೈಯಲ್ಲಿ ಅನಿಮಲ್ ಏಂಜಲ್ಸ್ ಪ್ರತಿಷ್ಠಾನ ಈ ಕೆಲಸ ಮಾಡುತ್ತಿದೆ.

ಮೊದಲು ನಾಯಿಯ ಸ್ವಭಾವ ನೋಡಿ

ಇದಕ್ಕೆ ದುಬಾರಿ ತಳಿಯೇ ಬೇಕೆಂದಿಲ್ಲ. ಖಾನಾಪುರದ ಹೊಲದ ಮನೆಯಲ್ಲಿ ಬೆಳೆದ ನಾಡುನಾಯಿಯೂ ಆಗಬಹುದು, ಬೆಳಗಾವಿಯ ಕ್ಯಾಂಪ್ ಪ್ರದೇಶದ ಲ್ಯಾಬ್ರಡಾರ್ ಕೂಡ ಆಗಬಹುದು. ಅಪರಿಚಿತರನ್ನು ಕಂಡರೆ ಅದು ಹೆದರಬಾರದು, ಮೈಮೇಲೆ ಹಾರಲೂಬಾರದು. ಜನರ ಕೈ ತನ್ನ ಮೇಲೆ ಬಂದರೆ ಅದಕ್ಕೆ ಖುಷಿಯಾಗಬೇಕು, ಬರೀ ಸಹಿಸಿಕೊಂಡರೆ ಸಾಲದು. ವಯಸ್ಸು ಕನಿಷ್ಠ ಒಂದು ವರ್ಷ ತುಂಬಿರಬೇಕು ಎಂಬುದು ಹೆಚ್ಚಿನ ಸಂಸ್ಥೆಗಳ ನಿಯಮ.

ಎರಡನೆಯದು ಆರೋಗ್ಯ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ, ಚುಚ್ಚುಮದ್ದು. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷ. ಜಂತುಹುಳದ ಔಷಧಿಯೂ ತಪ್ಪಬಾರದು. ಖಾನಾಪುರದ ಕಡೆ ಕಾಡಂಚಿನಲ್ಲಿ ತಿರುಗಾಡಿದ ನಾಯಿಯ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ಕೈಯಾಡಿಸಿ ನೋಡಬೇಕು. ಚುಚ್ಚುಮದ್ದಿನ ಪುಸ್ತಕವನ್ನು ಮನೆಯ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ. ಅದಿಲ್ಲದೆ ಯಾವ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ, ಬಿಡಲೂಬಾರದು.

ಕೂಡು, ಬಸ್, ಸಿಟ್!

ಬೆಳಗಾವಿಯ ಮನೆಗಳಲ್ಲಿ ಒಂದು ತಮಾಷೆಯ ತೊಂದರೆಯಿದೆ. ಅಜ್ಜ ನಾಯಿಗೆ ‘ಕೂಡು’ ಎನ್ನುತ್ತಾರೆ. ಪಕ್ಕದ ಮನೆಯ ಕಾಕೂ ಮರಾಠಿಯಲ್ಲಿ ‘ಬಸ್’ ಎನ್ನುತ್ತಾರೆ. ಮೊಮ್ಮಗ ‘ಸಿಟ್’ ಎನ್ನುತ್ತಾನೆ. ಪಾಪ, ನಾಯಿ ಮೂವರ ಮುಖ ನೋಡುತ್ತ ನಿಲ್ಲುತ್ತದೆ! ಯಾವ ಭಾಷೆಯಾದರೂ ಸರಿ, ಒಂದು ಕೆಲಸಕ್ಕೆ ಒಂದೇ ಮಾತು. ಕೂಡು, ಮಲಗು, ನಿಲ್ಲು, ಬಾ, ಬಿಡು ಎಂಬ ಐದು ಮಾತುಗಳನ್ನು ಮನೆಯವರೆಲ್ಲ ಕೂಡಿ ಗೊತ್ತುಮಾಡಿಕೊಳ್ಳಿ.

ಇವುಗಳಲ್ಲಿ ‘ಬಿಡು’ ಎಂಬುದು ಜೀವ ಉಳಿಸುವ ಮಾತು. ಆಸ್ಪತ್ರೆಯ ನೆಲದ ಮೇಲೆ ಗುಳಿಗೆ ಬಿದ್ದಿರಬಹುದು. ಪ್ರೀತಿಯಿಂದ ಯಾರೋ ಅಜ್ಜಿ ಬೆಳಗಾವಿ ಕುಂದಾ ಕೊಡಲು ಬರಬಹುದು. ಸಿಹಿ ನಾಯಿಗೆ ಒಳ್ಳೆಯದಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಅಂತೂ ವಿಷವೇ.

ಕಲಿಸುವಾಗ ಹೊಡೆಯಬೇಡಿ. ಹೇಳಿದ್ದು ಮಾಡಿದ ಕೂಡಲೇ ರೊಟ್ಟಿಯ ಚೂರು ಕೊಟ್ಟು ಬೆನ್ನು ಸವರಿ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಮನೆಯಲ್ಲಿ ಕಲಿತದ್ದನ್ನು ಆಮೇಲೆ ಅಂಗಳದಲ್ಲಿ, ಓಣಿಯಲ್ಲಿ ಮಾಡಿಸಿ. ಅಲ್ಲಿ ಗೆದ್ದರೆ ಬೆಳಿಗ್ಗೆ ಕೋಟೆ ಕೆರೆಯ ದಂಡೆ. ಖಾನಾಪುರದವರಾದರೆ ರೈಲು ನಿಲ್ದಾಣದ ಹೊರಗೆ ನಿಂತು, ರೈಲು ಬಂದು ಹೋಗುವ ಸದ್ದಿಗೆ ರೂಢಿ ಮಾಡಿಸಿ. ಖಡೇಬಜಾರಿನ ಗದ್ದಲ ಕಡೆಯ ಪಾಠ.

ಪರೀಕ್ಷೆ ಹೇಗಿರುತ್ತದೆ?

ಅಮೆರಿಕದ ಕೆನಲ್ ಕ್ಲಬ್ 1989ರಲ್ಲಿ ‘ಒಳ್ಳೆಯ ನಾಗರಿಕ ನಾಯಿ’ ಎಂಬ ಪರೀಕ್ಷೆ ಆರಂಭಿಸಿತು. ಅದರಲ್ಲಿ ಹತ್ತು ಪಾಠಗಳಿವೆ. ಅಪರಿಚಿತರು ಬಂದು ಮಾತಾಡಿಸಿದಾಗ, ಮೈ ಸವರಿದಾಗ, ಕಿವಿ ಮತ್ತು ಪಾದ ಮುಟ್ಟಿದಾಗ ನಾಯಿ ಶಾಂತವಾಗಿರಬೇಕು. ಹಗ್ಗ ಎಳೆಯದೆ ಜನರ ನಡುವೆ ನಡೆಯಬೇಕು. ಕರೆದರೆ ಬರಬೇಕು. ಇನ್ನೊಂದು ನಾಯಿ ಎದುರಾದರೂ, ಹಠಾತ್ತಾಗಿ ಸದ್ದಾದರೂ ಗಾಬರಿಯಾಗಬಾರದು. ಮಾಲೀಕ ಮೂರು ನಿಮಿಷ ಮರೆಯಾದರೆ ಬೇರೆಯವರ ಜೊತೆ ಸಮಾಧಾನದಿಂದ ಇರಬೇಕು.

ಭೇಟಿಯ ಕೆಲಸ ನಡೆಸುವ ಸಂಸ್ಥೆಗಳು ಇದಕ್ಕೆ ಆಸ್ಪತ್ರೆಯ ವಾತಾವರಣ ಸೇರಿಸುತ್ತವೆ. ಗಾಲಿಕುರ್ಚಿ ಬರುತ್ತದೆ, ಊರುಗೋಲು ಟಕಟಕ ಎನ್ನುತ್ತದೆ, ಸ್ಟೀಲ್ ತಟ್ಟೆ ಬೀಳುತ್ತದೆ, ಒಬ್ಬರು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ. ಇಲ್ಲಿ ಹಗ್ಗ ಹಿಡಿದವರಿಗೂ ಪರೀಕ್ಷೆ! ನಾಯಿಗೆ ಸಾಕಾಯಿತು ಎಂಬುದು ಅವರಿಗೆ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಪಾಸಾದ ಮೇಲೂ ಮೊದಲ ಕೆಲವು ಭೇಟಿಗಳಿಗೆ ಅನುಭವಿಗಳ ಜೊತೆಗೇ ಹೋಗಬೇಕು.

ಒಂದು ಮಾತು ನೆನಪಿಡಿ. ಈ ಪ್ರಮಾಣಪತ್ರ ಎಲ್ಲ ಬಾಗಿಲು ತೆರೆಯುವ ಬೀಗದ ಕೈ ಅಲ್ಲ. ಆಸ್ಪತ್ರೆ, ಶಾಲೆ, ವೃದ್ಧಾಶ್ರಮದವರ ಲಿಖಿತ ಒಪ್ಪಿಗೆ ಪ್ರತಿ ಜಾಗಕ್ಕೂ ಬೇಕು.

ಭೇಟಿಯ ದಿನ

ಹಿಂದಿನ ದಿನ ಸ್ನಾನ, ಉಗುರು ಕತ್ತರಿಸುವುದು. ಹೋಗುವ ಮುನ್ನ ಮಲಮೂತ್ರ ಮುಗಿಸಿರಬೇಕು. ನಾಯಿಗೆ ಭೇದಿ, ತುರಿಕೆ, ಗಾಯ ಏನಿದ್ದರೂ ಆ ದಿನ ರಜೆ. ರೋಗಿಯ ಗಾಯ ನೆಕ್ಕಲು ಬಿಡಬಾರದು. ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಎಲ್ಲರೂ ಕೈ ತೊಳೆಯಬೇಕು. ದಿನಕ್ಕೆ ಎರಡು ಗಂಟೆ ಮೀರಬಾರದು ಎಂಬುದು ಅಮೆರಿಕದ ‘ಪೆಟ್ ಪಾರ್ಟ್‌ನರ್ಸ್’ ಸಂಸ್ಥೆಯ ನಿಯಮ. ಹೊಸ ನಾಯಿಗೆ ಅರ್ಧ ಗಂಟೆಯೇ ಹೆಚ್ಚು.

ಎಲ್ಲಕ್ಕಿಂತ ಮೊದಲು ಕೇಳಬೇಕು. “ಅಜ್ಜಾರ, ನಾಯಿ ಸನೇಕ ತರ್ಲೇನ್ರಿ?” ಅವರು “ಬ್ಯಾಡಪಾ” ಎಂದರೆ ನಮಸ್ಕಾರ ಮಾಡಿ ಮುಂದಿನ ಹಾಸಿಗೆಗೆ ಹೋಗಿ. ಬೀದಿನಾಯಿ ಕಚ್ಚಿದ ನೋವು ಅವರಿಗೆ ನೆನಪಿರಬಹುದು. ಅವರ ಹೆದರಿಕೆಗೆ ನಗಬಾರದು.

ನಾಯಿಯನ್ನೂ ಕೇಳಬೇಕು! ಅದಕ್ಕೆ ಮಾತು ಬಾರದು, ಆದರೆ ಹೇಳುತ್ತದೆ. ಪದೇಪದೇ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಬಾಲ ಒಳಗೆ ಸೇರಿಸುವುದು, ಇವೆಲ್ಲ ‘ಸಾಕು, ಮನೆಗೆ ಹೋಗೋಣ’ ಎಂಬ ಮಾತು. ಆಗ ಎದ್ದು ಹೊರಡಬೇಕು. ಬಲವಂತಕ್ಕೆ ಕೂತ ನಾಯಿ ಒಂದು ದಿನ ಗುರ್ ಎನ್ನುತ್ತದೆ. ಹಾಸಿಗೆಯಲ್ಲಿ ಮಲಗಿದವರು ಓಡಿ ತಪ್ಪಿಸಿಕೊಳ್ಳಲಾರರು.

ಓದು ಕೇಳುವ ನಾಯಿ

ಶಾಲೆಯ ಮಕ್ಕಳಿಗೂ ಇದರಲ್ಲಿ ಪಾಲಿದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ನಾಯಿಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳುವ ಕಾರ್ಯಕ್ರಮ ಶುರುವಾಯಿತು. ತಡವರಿಸಿ ಓದುವ ಮಗು ತರಗತಿಯಲ್ಲಿ ನಾಚುತ್ತದೆ. ನಾಯಿ ನಗುವುದಿಲ್ಲ, ತಪ್ಪು ಎಣಿಸುವುದಿಲ್ಲ. ನಮ್ಮ ಗಡಿಭಾಗದಲ್ಲಿ ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಎಷ್ಟೋ ಇದ್ದಾರೆ. ಅಂಥವರಿಗೆ ಇದು ಒಳ್ಳೆಯ ಉಪಾಯ. ಇದಕ್ಕೆ ಪ್ರಮಾಣಪತ್ರವೂ ಬೇಡ. ನಿಮ್ಮ ಮನೆಯ ಚುಚ್ಚುಮದ್ದಾದ ನಾಯಿಯ ಪಕ್ಕ ಕೂತು ಇಂದು ಸಂಜೆಯೇ ಒಂದು ಪುಟ ಓದಬಹುದು. ಅಜ್ಜ-ಅಜ್ಜಿ ಜೊತೆಗಿದ್ದರೆ ಕೇಳುವವರು ಮೂವರಾಗುತ್ತಾರೆ.

ಪರೀಕ್ಷೆಯಲ್ಲಿ ನಿಮ್ಮ ನಾಯಿ ಪಾಸಾಗದಿದ್ದರೆ? ಬೇಸರ ಬೇಡ. ಗದ್ದಲ ಹಿಡಿಸದ ನಾಯಿ ಕೆಟ್ಟ ನಾಯಿಯಲ್ಲ. ಅದು ಮನೆಯ ಹೊಸ್ತಿಲಲ್ಲಿ ಕೂತು, ನೀವು ಶಾಲೆಯಿಂದ ಬರುವುದನ್ನು ಕಾಯಲಿ. ಕಲಿಸಿದ ಐದು ಮಾತುಗಳು ಅಲ್ಲಿಯೂ ಕೆಲಸಕ್ಕೆ ಬರುತ್ತವೆ.