ಜಾಲರಿಯ ಕಣ್ಣಲ್ಲಿ ಮೂಡುವ ಅಕ್ಷರ

ಯರಗೇರಾದಂಥ ಊರಿನ ಕಬಡ್ಡಿ ತಂಡ ಹನ್ನೆರಡು ಬನಿಯನ್‌ಗಳ ಮೇಲೆ ಊರ ಹೆಸರು ಬರೆಸಲು ಹೊರಟಿತೆನ್ನಿ. ತಗಡಿನಲ್ಲಿ ಅಕ್ಷರ ಕೊರೆದು ಬಣ್ಣ ಬಳಿಯುವುದು ಹಳೆಯ ದಾರಿ. ಗೋಣಿಚೀಲಗಳ ಮೇಲೆ ಕಾಣುವುದು ಅದೇ. ಕನ್ನಡದ ದುಂಡು ಅಕ್ಷರಗಳಿಗೆ ಮಾತ್ರ ಅದು ಒಗ್ಗದು. ಯರಗೇರಾ ಎಂಬ ಹೆಸರಿನಲ್ಲೇ ಎರಡು ರಕಾರಗಳಿವೆ. ಸುತ್ತು ಕೊರೆದೊಡನೆ ನಡುವಿನ ಬಿಲ್ಲೆ ಹಿಡಿತ ತಪ್ಪಿ ಉದುರುತ್ತದೆ. ಅದನ್ನು ನಿಲ್ಲಿಸಲು ಅಲ್ಲಲ್ಲಿ ಸೇತುವೆ ಬಿಟ್ಟರೆ ಅಕ್ಷರ ತುಂಡುತುಂಡಾಗಿ ಕಾಣುತ್ತದೆ.

ಜಪಾನಿನ ಬಟ್ಟೆ ಕುಶಲಿಗಳು ಕಾಗದದ ಅಚ್ಚಿನ ಇಂಥ ಬಿಡಿ ತುಣುಕುಗಳನ್ನು ರೇಷ್ಮೆ ಎಳೆಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. ಎಳೆಗಳ ಬದಲು ಇಡೀ ಜಾಲರಿಯನ್ನೇ ಬಿಗಿದರೆ ಅದೇ ಸ್ಕ್ರೀನ್ ಪ್ರಿಂಟಿಂಗ್. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಜಾಲರಿಯ ವಿಧಾನಕ್ಕೆ ಪೇಟೆಂಟ್ ಪಡೆದ. ಈಗ ಬಳಸುವ ಜಾಲರಿ ಬಹುತೇಕ ಪಾಲಿಯೆಸ್ಟರಿನದು.

ಕೆಲಸ ಸರಳ. ಚೌಕಟ್ಟಿಗೆ ಬಿಗಿದ ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಕಪ್ಪು ಅಕ್ಷರಗಳ ಪಾರದರ್ಶಕ ಹಾಳೆಯನ್ನು ಅದಕ್ಕೆ ಒತ್ತಿಟ್ಟು ಬೆಳಕು ಹಾಯಿಸಿದರೆ, ಅಕ್ಷರದ ಮರೆಯಲ್ಲಿರುವ ಲೇಪ ಮೆತ್ತಗೇ ಉಳಿದು ನೀರಿಗೆ ತೊಳೆದುಹೋಗುತ್ತದೆ. ತೆರೆದ ಕಣ್ಣುಗಳ ಮೂಲಕ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಬಟ್ಟೆಯ ಮೇಲೆ ರಕಾರ ಇಡಿಯಾಗಿ ಮೂಡುತ್ತದೆ. ಖರ್ಚೆಲ್ಲ ಚೌಕಟ್ಟಿನದು. ಹನ್ನೆರಡಕ್ಕೂ ಸಾವಿರಕ್ಕೂ ಅದೊಂದೇ ಸಾಕು. ಆದರೆ ಬಣ್ಣಕ್ಕೊಂದು ಚೌಕಟ್ಟು ಬೇಕು. ಆಟಗಾರನ ಹೆಸರೂ ಬೇಕೆಂದರೆ ಲೆಕ್ಕ ತಲೆಕೆಳಗು.

ಈ ವಿದ್ಯೆಯ ನಿಜವಾದ ಪರೀಕ್ಷೆ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಲ್ಲಿನ ಘಟಕ ಖಾದಿಯ ರಾಷ್ಟ್ರಧ್ವಜ ತಯಾರಿಸುತ್ತದೆ. ಅಶೋಕಚಕ್ರವನ್ನು ಮುದ್ರಿಸಲು ಧ್ವಜಸಂಹಿತೆ ಮೊದಲು ಹೆಸರಿಸುವುದು ಸ್ಕ್ರೀನ್ ವಿಧಾನವನ್ನೇ. ಚಕ್ರ ಎರಡೂ ಬದಿ ಕಾಣಬೇಕು. ಬಿಳಿ ಪಟ್ಟಿಯ ನಟ್ಟನಡುವೆ ಇರಬೇಕು. ಬಟ್ಟೆ ತಿರುವಿ ಎರಡನೆಯ ಸಲ ಒತ್ತುವಾಗ 24 ಅರಗಳೂ ಹಿಂದಿನವುಗಳ ಮೇಲೆಯೇ ಕೂರಬೇಕು. ಬನಿಯನ್ನಿನಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ, ಇಲ್ಲಿ ಹಾಗಲ್ಲ.

2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ನೀಡಿತು. ಖಾದಿ ವಲಯದಿಂದ ವಿರೋಧ ಬಂದದ್ದು ಸಹಜವೇ. ಆಟದ ಅಂಗಿಗಳ ಕಥೆಯೂ ಬೇರೆಯಲ್ಲ. ಕಾಗದದ ಮೇಲಿನ ಬಣ್ಣವನ್ನು ಕಾವಿನಿಂದ ಆವಿಯಾಗಿಸಿ ಬಟ್ಟೆಗೆ ಇಳಿಸುವ ವಿಧಾನದಲ್ಲಿ ಚೌಕಟ್ಟೇ ಬೇಡ. ಒಬ್ಬೊಬ್ಬರಿಗೂ ಬೇರೆ ಹೆಸರು ಹಾಕಿದರೂ ಖರ್ಚು ಏರದು. ಆದರೆ ಆ ಬಣ್ಣ ಹಿಡಿಯುವುದು ಪಾಲಿಯೆಸ್ಟರಿಗೆ. ರಾಯಚೂರು ಸೀಮೆಯ ಹೊಲಗಳಲ್ಲಿ ಬೆಳೆಯುವ ಹತ್ತಿಯ ಮೇಲೆ ಅದು ನಿಲ್ಲುವುದಿಲ್ಲ.